ಹಿಂದಕ್ಕೆ ಹೋಗದ ನಂಬರು

ರಿಲೀಸ್ ದಿನ ಸಂಜೆ ಟೆಸ್ಟೆಲ್ಲಾ ಪಾಸಾಗಿ, ಬಿಲ್ಡ್ ಮುಗಿದು, ಇನ್ನೇನು ಅಪ್‌ಲೋಡ್ ಮಾಡೋದಷ್ಟೇ ಬಾಕಿ ಅನ್ನೋ ಹೊತ್ತಿಗೆ ಯಾರಾದ್ರೂ ಒಬ್ರು ತಿರುಗಿ "ವರ್ಷನ್ ಏನು ಕೊಡ್ಲಿ?" ಅಂತ ಕೇಳ್ತಾರೆ. ಪಕ್ಕದೋರು ಸ್ಕ್ರೀನಿಂದ ತಲೆ ಎತ್ತದೇನೇ "ಕೊನೇ ನಂಬರ್‌ಗೆ ಒಂದು ಸೇರ್ಸು" ಅಂತಾರೆ, ಅಲ್ಲಿಗೆ ಆ ವಿಷಯ ಮುಗೀತು. ಫಂಕ್ಷನ್‌ಗೆ ಏನು ಹೆಸರಿಡಬೇಕು ಅಂತ ಅರ್ಧ ದಿನ ಜಗಳ ಆಡೋ ನಾವೇ ಈ ವಿಷಯಕ್ಕೆ ಒಂದು ನಿಮಿಷಾನೂ ಕೊಡಲ್ಲ. ಫಂಕ್ಷನ್ ಹೆಸರು ಇಷ್ಟ ಆಗ್ಲಿಲ್ಲ ಅಂದ್ರೆ ನಾಳೆ ಬದಲಾಯಿಸ್ಬಹುದು, ಕೋಡನ್ನೇ ಪೂರ್ತಿ ಅಳಿಸಿ ಬೇರೆ ಬರೀಬಹುದು, ಆದ್ರೆ ಒಂದ್ಸಲ ಹೊರಗೆ ಹೋದ ವರ್ಷನ್ ನಂಬರನ್ನ ವಾಪಸ್ ತಗೊಳೋಕಾಗಲ್ಲ. ಪೈಥಾನ್ ಪ್ಯಾಕೇಜುಗಳ ಭಂಡಾರ ಪೈಪಿಐನಲ್ಲಿ ಒಂದು ಫೈಲ್ ಹಾಕಿ ಡಿಲೀಟ್ ಮಾಡಿದ್ರೂ ಅದೇ ಹೆಸರಿನ ಫೈಲನ್ನ ಮತ್ತೆ ಹಾಕೋಕೆ ಬಿಡಲ್ಲ, ಜಾವಾಸ್ಕ್ರಿಪ್ಟ್‌ನೋರ ಎನ್‌ಪಿಎಂನಲ್ಲೂ ತೆಗೆದುಹಾಕಿದ ನಂಬರನ್ನ ಮತ್ತೆ ಬಳಸೋ ಹಾಗಿಲ್ಲ. ಅಷ್ಟು ಗಟ್ಟಿಯಾಗಿ ಉಳಿಯೋ ವಸ್ತುವನ್ನ ನಾವು ಇಷ್ಟು ಹಗುರವಾಗಿ ತಗೋತೀವಲ್ಲ ಅನ್ನೋದು ನನಗೆ ಬಹಳ ದಿನದಿಂದ ಕಾಡ್ತಿದೆ.

ನನ್ನ ಕೆಲಸದಲ್ಲಿ ದೊಡ್ಡ ಭಾಗ ಪ್ಯಾಕೇಜ್ ಮಾಡೋದು. ಆಫೀಸಿನ ಸಾಫ್ಟ್‌ವೇರನ್ನ ಡೆಬಿಯನ್ ಅನ್ನೋ ಲಿನಕ್ಸ್ ಸಿಸ್ಟಮ್‌ಗೆ ಪ್ಯಾಕೇಜ್ ಮಾಡಿ, ಮಷೀನುಗಳು ಅಪ್‌ಡೇಟ್ ತಗೊಳೋ ನಮ್ಮದೇ ಭಂಡಾರದಲ್ಲಿ, ಅಂದ್ರೆ ರೆಪೋದಲ್ಲಿ ಇಡೋದು, ಅದಕ್ಕೆ ಬೇಕಾದ ಬೇರೆಯವರ ಲೈಬ್ರರಿಗಳನ್ನೂ ತಂದು ಕಟ್ಟಿ ಇಡೋದು. ಹಾಗಾಗಿ ಡೆಬಿಯನ್ ಕಡೆಯಿಂದ್ಲೇ ಬರೀತೀನಿ, ಬೇರೆ ಕಡೆಯೂ ಕಥೆ ಹೆಚ್ಚುಕಮ್ಮಿ ಇದೇ.

ಯಾವುದು ಮೊದಲು, ಯಾವುದು ಆಮೇಲೆ

ವರ್ಷನ್ ನಂಬರ್ ಏನು ಹೇಳ್ಬೇಕು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಲೈಬ್ರರಿ ಬರೆಯೋರಿಗೆ ಈ ಸಲ ಅದನ್ನ ಬಳಸೋರ ಕೋಡ್ ಏನಾದ್ರೂ ಒಡೀತಾ ಇಲ್ವಾ ಅಂತ ಮೊದಲ ಅಂಕೆಯಲ್ಲೇ ಗೊತ್ತಾಗ್ಬೇಕು, ಸೆಮ್‌ವರ್ ಅನ್ನೋ ನಂಬರ್ ಪದ್ಧತಿ ಬಂದಿದ್ದೇ ಅದಕ್ಕೆ. ಉಬುಂಟುಗೆ ವರ್ಷ ಮತ್ತು ತಿಂಗಳು, ಅದನ್ನ ಅವರು ಎಷ್ಟು ನಿಯತ್ತಾಗಿ ಪಾಲಿಸ್ತಾರೆ ಅಂದ್ರೆ 2006ರ ಏಪ್ರಿಲ್‌ನಲ್ಲಿ ಬರಬೇಕಿದ್ದ ರಿಲೀಸ್ ಜೂನ್‌ಗೆ ಹೋದಾಗ ಅದರ ನಂಬರೂ 6.06 ಆಯ್ತು. ಡೊನಾಲ್ಡ್ ಕ್ನೂತ್ ಅವರ, ಪುಸ್ತಕದ ಪುಟ ಜೋಡಿಸೋ ಟೆಕ್ ಇದೆಯಲ್ಲ, ಅದರ ನಂಬರ್ ಪ್ರತಿ ಸಲ ಪೈಗೆ ಒಂದೊಂದು ಅಂಕೆ ಹತ್ರ ಹೋಗತ್ತೆ, 2021ರಲ್ಲಿ ಬಂದಿದ್ದು 3.141592653. ಮಾರ್ಕೆಟಿಂಗ್‌ನೋರಿಗೆ ಪೋಸ್ಟರ್ ಮೇಲೆ ಚೆನ್ನಾಗಿ ಕಾಣೋ ನಂಬರ್ ಬೇಕು. ಇದೆಲ್ಲ ಅವರವರ ಇಷ್ಟ, ನನ್ನ ತಕರಾರಿಲ್ಲ. ಆದ್ರೆ ಪ್ಯಾಕೇಜ್ ಮಾಡೋನಿಗೆ ಆ ನಂಬರಿಂದ ಬೇಕಾಗಿರೋದು ಒಂದೇ, ಇದು ಯಾವುದರ ನಂತರದ್ದು ಅನ್ನೋ ಉತ್ತರ. ಎಲ್ಲೋ ಒಂದು ಮೂಲೆಯಲ್ಲಿರೋ ಮಷೀನು ರಾತ್ರಿ ಎರಡು ಗಂಟೆಗೆ ತಾನೇ ಎದ್ದು, ನನ್ನ ಹತ್ರ ಇರೋದು ದೊಡ್ಡದಾ ರೆಪೋದಲ್ಲಿರೋದು ದೊಡ್ಡದಾ ಅಂತ ಹೋಲಿಸಿ ನೋಡತ್ತೆ. ಅಲ್ಲಿ ನಾನಿರಲ್ಲ, ನೀವಿರಲ್ಲ, ರಿಲೀಸ್ ನೋಟ್ಸ್ ಓದೋರು ಯಾರೂ ಇರಲ್ಲ.

ಆ ಹೋಲಿಕೆ ಹೇಗೆ ನಡೆಯತ್ತೆ ಅಂತ ಒಂದ್ಸಲ ಹತ್ತಿರದಿಂದ ನೋಡಿದ್ರೆ ಚೆನ್ನಾಗಿರತ್ತೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕೋ ಪ್ರೋಗ್ರಾಮ್ ಡಿಪಿಕೆಜಿ, ಅದು ನಂಬರನ್ನ ಎಡದಿಂದ ಓದ್ತಾ ಅಂಕೆ ಅಲ್ಲದ ಭಾಗ, ಅಂಕೆ ಇರೋ ಭಾಗ ಅಂತ ತುಂಡು ಮಾಡ್ಕೊಂಡು ಹೋಗತ್ತೆ. ಅಂಕೆಗಳನ್ನ ಸಂಖ್ಯೆಯಾಗೇ ಹೋಲಿಸತ್ತೆ, ಅದಕ್ಕೇ 1.10 ಅನ್ನೋದು 1.9ಕ್ಕಿಂತ ದೊಡ್ಡದು. ಅಕ್ಷರಗಳ ಭಾಗ ಬಂದ್ರೆ ಅಕ್ಷರಗಳು ಮೊದಲು, ಪ್ಲಸ್ಸು ಚುಕ್ಕಿ ಥರದ ಚಿಹ್ನೆಗಳು ಆಮೇಲೆ. ಇಷ್ಟರಲ್ಲಿ ಒಂದು ತೊಂದರೆ ಇದೆ, 1.0ಕ್ಕೆ ಮುಂಚಿನ ಪರೀಕ್ಷೆಯ ಪ್ರತಿಗೆ, ಅಂದ್ರೆ ರಿಲೀಸ್ ಕ್ಯಾಂಡಿಡೇಟ್‌ಗೆ, 1.0ಆರ್‌ಸಿ1 ಅಂತ ಕೊಟ್ರೆ ಅದು 1.0ಗಿಂತ ದೊಡ್ಡದಾಗತ್ತೆ, ಯಾಕಂದ್ರೆ 1.0 ಮುಗಿದ್ಮೇಲೂ ಇದರಲ್ಲಿ ಇನ್ನೂ ಏನೋ ಉಳಿದಿದೆ. ರಿಲೀಸ್ ಕ್ಯಾಂಡಿಡೇಟ್ ಹಾಕ್ಕೊಂಡಿರೋರಿಗೆ ನಿಜವಾದ 1.0 ಯಾವತ್ತೂ ಬರಲ್ಲ. ಅದಕ್ಕೆ ಇರೋದೇ ~ ಅನ್ನೋ ಚಿಹ್ನೆ, ಟಿಲ್ಡ. 1.0~ಆರ್‌ಸಿ1 ಅಂತ ಬರೆದ್ರೆ, ಟಿಲ್ಡ ಎಲ್ಲದಕ್ಕಿಂತ ಚಿಕ್ಕದು, ಏನೂ ಇಲ್ಲದಿರೋದಕ್ಕಿಂತಲೂ ಚಿಕ್ಕದು, ಅಂದ್ರೆ 1.0 ಅಂತ ನಿಂತುಬಿಟ್ರೂ ಅದಕ್ಕಿಂತ ಹಿಂದೆ ನಿಲ್ಲತ್ತೆ. ಮುಂದೆ ಬರೋದಕ್ಕೆ ಜಾಗ ಬಿಟ್ಟು ನಿಲ್ಲೋ ಒಂದು ಗುರುತು. ಈ ಒಂದು ಚಿಹ್ನೆಯ ಮೇಲೆ ನನಗೆ ವಿಶೇಷ ಪ್ರೀತಿ ಇದೆ. ಹೊಸ ಪ್ಯಾಕೇಜನ್ನ ಹಳೇ ಡೆಬಿಯನ್‌ಗೆ ತಂದುಕೊಡೋ ಬ್ಯಾಕ್‌ಪೋರ್ಟ್ಸ್‌ನಲ್ಲೂ ಇದೇ ಉಪಾಯ. ಡೆಬಿಯನ್ 13 ಇನ್ನೂ ತಯಾರಾಗ್ತಿದ್ದಾಗ, ಅಂದ್ರೆ ಟೆಸ್ಟಿಂಗ್ ಆಗಿದ್ದಾಗ, ಅದರಲ್ಲಿದ್ದ 3.2-1ನ್ನ ಡೆಬಿಯನ್ 12ಕ್ಕೆ ತಂದ್ರೆ 3.2-1~ಬಿಪಿಓ12+1 ಅಂತ ಇಡ್ತಿದ್ರು, ಮುಂದೆ ಆ ಮಷೀನು 13ಕ್ಕೆ ಹೋದಾಗ ಅಸಲಿ 3.2-1 ತಾನಾಗೇ ಬಂದು ಇದರ ಜಾಗ ತಗೊಳತ್ತೆ, ಯಾರೂ ಕೈ ಹಾಕೋದೇ ಬೇಡ.

ತಾಪತ್ರಯ ಶುರುವಾಗೋದು ಅಪ್‌ಸ್ಟ್ರೀಮ್‌ನೋರು, ಅಂದ್ರೆ ಸಾಫ್ಟ್‌ವೇರನ್ನ ಮೂಲದಲ್ಲಿ ಬರೆಯೋರು, ಬೇರೆ ಥರ ಎಣಿಸಿದಾಗ. ಪರ್ಲ್ ಭಾಷೆಯ ಲೋಕದಲ್ಲಿ ಬಹಳ ಜನ ವರ್ಷನ್ನನ್ನ ದಶಮಾಂಶ ಅಂತ ನೋಡ್ತಾರೆ. 1.2 ಆಯ್ತು, ಆಮೇಲೆ ಸಣ್ಣ ತಿದ್ದುಪಡಿಗೆ 1.21, ಆಮೇಲೆ 1.3. ಶಾಲೆಯ ಲೆಕ್ಕದಲ್ಲಿ ಸರಿಯಾಗೇ ಇದೆ. ಡಿಪಿಕೆಜಿ ಮಾತ್ರ 21ನ್ನೂ 3ನ್ನೂ ಪಕ್ಕ ಇಟ್ಟು 1.21 ದೊಡ್ಡದು ಅನ್ನತ್ತೆ. ಆಗ ಪ್ಯಾಕೇಜ್ ಮಾಡೋರು ಕೊನೆಗೊಂದು ಸೊನ್ನೆ ಹಚ್ಚಿ 1.30 ಮಾಡ್ಕೋಬೇಕು. ಇದರ ಉಲ್ಟಾ ಪಜೀತಿ ಪೈಥಾನ್ 3.10 ಬಂದಾಗ ಆಯ್ತು, ಸೆಟ್ಟಿಂಗ್ ಬರೆಯೋ ಯಾಮಲ್ ಫೈಲಲ್ಲಿ ಕೋಟ್ ಹಾಕದೆ 3.10 ಅಂತ ಬರೆದವರಿಗೆಲ್ಲ ಅದು ದಶಮಾಂಶವಾಗಿ ಓದ್ಕೊಂಡು 3.1 ಆಗಿಹೋಯ್ತು, ಬಿಲ್ಡ್ ಸರ್ವರ್ ಎಂದೋ ಸತ್ತ ಪೈಥಾನನ್ನ ಹುಡುಕ್ತಾ ಕೂತ್ಕೊಳ್ತು. ಲಿನಕ್ಸ್ ಕರ್ನಲ್‌ನಲ್ಲಿ ಇನ್ನೂ ಸೂಕ್ಷ್ಮದ್ದು, ವರ್ಷನ್ನಿನ ಮೂರನೇ ಭಾಗಕ್ಕೆ ಇಟ್ಟಿದ್ದು ಎಂಟೇ ಬಿಟ್, 255 ದಾಟೋ ಹಾಗಿಲ್ಲ. 4.4 ಸರಣಿಗೆ ಅಷ್ಟು ವರ್ಷ ತಿದ್ದುಪಡಿ ಕೊಡ್ತಾ ಬಂದು 2021ರ ಫೆಬ್ರವರಿಯಲ್ಲಿ 4.4.256 ಬಂದೇ ಬಿಡ್ತು. ಹಾಗೇ ಬಿಟ್ಟಿದ್ರೆ ಹೊರಗಿನ ಪ್ರೋಗ್ರಾಮ್‌ಗಳಿಗೆ ಅದು 4.5.0 ಥರ ಕಾಣ್ತಿತ್ತು. ಕೊನೆಗೆ ಒಳಗಿನ ಆ ಕೋಡಲ್ಲಿ ಮಾತ್ರ 255ಕ್ಕೇ ನಿಲ್ಲಿಸಿದ್ರು.

ಹಿಸ್ಸಾ ನಂಬರ್

ಡೆಬಿಯನ್ ನಂಬರಲ್ಲಿ ಹೈಫನ್‌ಗಿಂತ ಮುಂಚೆ ಇರೋದು ಅಪ್‌ಸ್ಟ್ರೀಮ್‌ನೋರದ್ದು, ಆಮೇಲಿಂದು ನಮ್ಮದು. ಪಹಣಿಯಲ್ಲಿ ಸರ್ವೆ ನಂಬರ್ ಹಾಗೇ ಇದ್ದು ಅಣ್ಣತಮ್ಮಂದಿರು ಪಾಲಾದ ಹಾಗೆ ಹಿಸ್ಸಾ ನಂಬರ್ ಬೆಳೆಯತ್ತಲ್ಲ, ಹಾಗೆ. ಡೆಬಿಯನ್ 12ರಲ್ಲಿ ಬಂದ, ಕಮಾಂಡ್ ಟೈಪ್ ಮಾಡೋ ಬ್ಯಾಶ್ ತಗೊಳಿ, 5.2.15-2+ಬಿ2. 5.2.15 ಅನ್ನೋದು ಗ್ನೂನವರ 5.2, ಹದಿನೈದು ಪ್ಯಾಚ್ ಸಮೇತ. ಅದರ ಮೇಲೆ ಡೆಬಿಯನ್‌ನೋರು ಎರಡನೇ ಸಲ ಕೈಯಾಡಿಸಿದಾರೆ. ಸೋರ್ಸ್ ಮುಟ್ಟದೆ ಬರೀ ಮತ್ತೆ ಬಿಲ್ಡ್ ಮಾಡಿರೋದು ಎರಡು ಸಲ. ಕೊನೆಗೆ -1.1 ಅಂತ ಚುಕ್ಕಿ ಇದ್ರೆ ಅದರ ಮೇಂಟೇನರ್ ಅಲ್ಲದ ಬೇರೆ ಯಾರೋ ಬಂದು ಅಪ್‌ಲೋಡ್ ಮಾಡಿಕೊಟ್ಟಿದಾರೆ ಅಂತ ಅರ್ಥ. -0ಉಬುಂಟು1 ಅಂದ್ರೆ ಡೆಬಿಯನ್‌ನಲ್ಲಿ ಇನ್ನೂ ಇಲ್ಲ, ಉಬುಂಟು ತಾನೇ ಮೊದಲು ತಂದಿದೆ, ಡೆಬಿಯನ್‌ನೋರು ನಾಳೆ -1 ಮಾಡಿದ್ರೆ ಅದೇ ದೊಡ್ಡದಾಗ್ಲಿ ಅಂತ ಸೊನ್ನೆಯಿಂದ ಶುರು ಮಾಡಿದಾರೆ.

ಈ ಹಿಸ್ಸಾ ಭಾಗವನ್ನ ಓದೋಕೆ ಬರದೇ ಇರೋದ್ರಿಂದ ಆಗೋ ರಗಳೆ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ದಿನಾ ನಡೀತಿರತ್ತೆ. 2024ರ ಜುಲೈ 1ಕ್ಕೆ, ದೂರದ ಮಷೀನಿಗೆ ಲಾಗಿನ್ ಆಗೋಕೆ ಬಳಸೋ ಓಪನ್‌ಎಸ್‌ಎಸ್‌ಎಚ್‌ನಲ್ಲಿ ರಿಗ್ರೆಶನ್ ಅನ್ನೋ ದೊಡ್ಡ ತೂತು ಹೊರಗೆ ಬಂತು, ಅಪ್‌ಸ್ಟ್ರೀಮ್‌ನಲ್ಲಿ 9.8ರಲ್ಲಿ ಸರಿ ಮಾಡಿದ್ರು. ಡೆಬಿಯನ್ 12ರೋರು 9.8ಕ್ಕೆ ಹೋಗ್ಲಿಲ್ಲ, ಇದ್ದ 9.2ಕ್ಕೇ ತಿದ್ದುಪಡಿ ತಂದು 1:9.2ಪಿ1-2+ಡೆಬ್12ಯು3 ಅಂತ ಕೊಟ್ರು. ಸ್ಟೇಬಲ್ ಅಂದ್ರೆ ಅದೇ, ತೂತು ಮುಚ್ಚಬೇಕು, ಉಳಿದಿದ್ದು ಅಲ್ಲಾಡಬಾರದು. ಆದ್ರೆ ತೂತು ಹುಡುಕೋ ಸ್ಕ್ಯಾನರ್‌ಗಳು ಎಷ್ಟೋ ಕಡೆ 9.2 ಅಷ್ಟನ್ನೇ ಓದಿ ಕೆಂಪು ಬಳೀತವೆ, ಆಡಿಟ್‌ನೋರು ಆ ಕೆಂಪು ಶೀಟ್ ಹಿಡ್ಕೊಂಡು ಬರ್ತಾರೆ, ಇಲ್ಲಿ ಯಾರೋ ಹೆದರಿ ಸೋರ್ಸಿಂದ 9.8 ಕಂಪೈಲ್ ಮಾಡಿ ಹಾಕಿಬಿಡ್ತಾರೆ. ಅವತ್ತಿಂದ ಆ ಸರ್ವರಿನ ಎಸ್‌ಎಸ್‌ಎಚ್‌ಗೆ ಡೆಬಿಯನ್ ಕೊಡೋ ಮುಂದಿನ ಯಾವ ಸೆಕ್ಯೂರಿಟಿ ತಿದ್ದುಪಡಿಯೂ ತಾಗಲ್ಲ. ಸುರಕ್ಷಿತವಾಗಿದ್ದ ಮಷೀನನ್ನ ಸುರಕ್ಷತೆ ಹೆಸರಲ್ಲೇ ಅನಾಥ ಮಾಡಿದ ಹಾಗೆ. ಡೆಬ್12ಯು3 ಅನ್ನೋ ಆ ಬಾಲದಲ್ಲೇ ಪೂರ್ತಿ ಉತ್ತರ ಇತ್ತು. ನನಗೆ ಇದರ ಬಗ್ಗೆ ನಿಜವಾಗ್ಲೂ ಬೇಜಾರಿದೆ.

ನೆಲಮಂಗಲದ ಗೋಡೌನು

ಕೆಲವು ವರ್ಷದ ಹಿಂದಿನ ಮಾತು. ನಾನು ಆಗ ಸೇರಿದ್ದ ಟೀಮಿನ ಸಾಫ್ಟ್‌ವೇರು ಒಂದು ಗೋಡೌನಿನ ತೂಕದ ಯಂತ್ರಗಳ ಪಕ್ಕದಲ್ಲಿರೋ ಸಣ್ಣ ಕಂಪ್ಯೂಟರ್‌ಗಳಲ್ಲಿ ಓಡ್ತಿತ್ತು. ನಮಗಿಂತ ಮುಂಚೆ ಇದ್ದೋರು ಬಿಲ್ಡ್ ಆದ ತಾರೀಖನ್ನೇ ವರ್ಷನ್ ಮಾಡಿದ್ರು, 20211104 ಅಂತ. ಆಮೇಲೆ ಯಾರಿಗೋ ಇದು ಸರಿಯಾಗಿ ಕಾಣಲ್ಲ ಅನ್ನಿಸಿ ಎಲ್ಲರ ಹಾಗೆ 1.0 ಶುರು ಮಾಡಿದ್ರು. ಹೊಸ ಮಷೀನುಗಳಿಗೆ 1.0, 1.1 ಎಲ್ಲಾ ಸಲೀಸಾಗಿ ಹೋದ್ವು. ನಾನು ಸೇರೋ ಹೊತ್ತಿಗೆ 1.4.2 ನಡೀತಿತ್ತು, ಅದರಲ್ಲಿ ತೂಕದ ರೌಂಡಿಂಗ್ ಸರಿ ಮಾಡಿದ್ವಿ. ನೆಲಮಂಗಲದಿಂದ ಮಾತ್ರ ತೂಕ ಇನ್ನೂ ಹಳೇ ಥರಾನೇ ಬರ್ತಿದೆ ಅಂತ ಫೋನ್ ಮೇಲೆ ಫೋನ್. ಹೋಗಿ ನೋಡಿದ್ರೆ ಅಲ್ಲಿನ ಆಪರೇಟರ್ ಹುಡುಗ ಪಾಪ ನಾವು ಹೇಳಿದ ಹಾಗೇ ದಿನಾ ಬೆಳಗ್ಗೆ ಅಪ್‌ಡೇಟ್ ಒತ್ತಿ ನೋಡ್ತಿದ್ದ. "ಸರ್, ಒತ್ತಿದ್ರೆ ಎಲ್ಲಾ ಹೊಸದೇ ಇದೆ ಅನ್ನತ್ತೆ ಸರ್. ಎರರ್ ಬಂದಿದ್ರೆ ನಾನೇ ಫೋಟೋ ಹೊಡ್ದು ಕಳಿಸ್ತಿದ್ದೆ" ಅಂದ. ಅವನು ಹೇಳಿದ್ದು ಅಕ್ಷರಶಃ ಸರಿ. ಅಪ್‌ಡೇಟ್ ತರೋ ಪ್ರೋಗ್ರಾಮ್ ಆಪ್ಟ್ ಪ್ರಕಾರ 20211104 ಅನ್ನೋದು 1.4.2ಕ್ಕಿಂತ ಎಷ್ಟೋ ದೊಡ್ಡದು, ಇಪ್ಪತ್ತು ಮಿಲಿಯನ್ ಎಲ್ಲಿ, ಒಂದು ಎಲ್ಲಿ. ಮಷೀನು ತನ್ನ ಹತ್ರ ಇರೋದೇ ಅತೀ ಹೊಸದು ಅಂತ ನಂಬಿ ಕೂತಿತ್ತು. ಲಾಗಲ್ಲಿ ಒಂದೇ ಒಂದು ಎರರ್ ಇಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ತಪ್ಪೇ ನಡೆದಿಲ್ಲ.

ಆ ಗೋಡೌನಿನ ಬಿಸಿ ಶೆಡ್ಡಲ್ಲಿ ಲಾರಿಗಳ ಸದ್ದಿನ ಮಧ್ಯೆ ಲ್ಯಾಪ್‌ಟಾಪ್ ತೆಗೆದು ಡಿಪಿಕೆಜಿಗೆ ಆ ಎರಡೂ ನಂಬರ್ ಕೊಟ್ಟು ಹೋಲಿಸಿ ತೋರಿಸ್ದಾಗ, ನನ್ನ ಜೊತೆ ಬಂದಿದ್ದ ಹೊಸ ಇಂಜಿನಿಯರ್ ಹುಡುಗಿ ಕೇಳಿದ್ದು, "ಹಂಗಾದ್ರೆ ಇನ್ಮೇಲೆ ನಾವು ಇಪ್ಪತ್ತು ಮಿಲಿಯನ್‌ಗಿಂತ ಮೇಲೇನೇ ಹೋಗ್ಬೇಕಾ ಸರ್?" ಅಂತ. ಹೌದು, ಇಲ್ಲಾಂದ್ರೆ ಎಪಾಕ್ ಹಾಕ್ಬೇಕು. ನಂಬರಿನ ಮುಂದೆ 1: ಅಂತ ಸೇರಿಸೋದು, ಅದು ಇದ್ರೆ ಉಳಿದಿದ್ದೆಲ್ಲ ನೋಡೋ ಮುಂಚೆ ಅದನ್ನೇ ನೋಡತ್ತೆ, ಹಾಗಾಗಿ 1:1.4.2 ಎಲ್ಲಾ ತಾರೀಖುಗಳನ್ನೂ ಗೆಲ್ಲತ್ತೆ. ಅದನ್ನೇ ಮಾಡಿದ್ವಿ, ಬೇರೆ ದಾರಿ ಇರ್ಲಿಲ್ಲ. ಆದ್ರೆ ಎಪಾಕ್ ಅನ್ನೋದು ಶಾಶ್ವತ. ಒಂದ್ಸಲ 1: ಹಾಕಿದ್ಮೇಲೆ ಮುಂದೆ ಬರೋ ಪ್ರತಿ ನಂಬರಿಗೂ, ಆ ಪ್ಯಾಕೇಜ್ ಇರೋ ತನಕ, 1: ಇರ್ಲೇಬೇಕು.

ನಿಮ್ಮ ಡೆಬಿಯನ್ ಮಷೀನಲ್ಲೇ ನೋಡಿ, ವಿಮ್‌ಗೆ 2: ಇದೆ, ಲಿಬ್ರೆಆಫೀಸಿಗೆ 4:, ಗಿಟ್‌ಗೆ 1:. ಉಬುಂಟುನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳನ್ನ ಒಟ್ಟಿಗೆ ಎಳ್ಕೊಂಡು ಬರೋ ಮೆಟಾ ಪ್ಯಾಕೇಜ್ ಇದೆಯಲ್ಲ, ಅದರ ನಂಬರೂ 2:1.3. ಯಾವುದೋ ಕಾಲದಲ್ಲಿ ಎಣಿಕೆ ಬದಲಾಗಿದ್ದರ ಗುರುತು ಇವು. ಜನ ಎಪಾಕ್ ಅಂದ್ರೆ ನೋಡೋಕೆ ಚೆಂದ ಇಲ್ಲ ಅಂತಾರೆ. ನನಗೆ ಚೆಂದದ ಚಿಂತೆ ಇಲ್ಲ, ಚಿಂತೆ ಇರೋದು ಎರಡು ವಿಷಯಕ್ಕೆ. ಮೊದಲನೇದು, ಫೈಲಿನ ಹೆಸರಲ್ಲಿ ಎಪಾಕ್ ಕಾಣಲ್ಲ, ಹಾಗಾಗಿ ಹಳೇ 1.4.2 ಮತ್ತೆ 1:1.4.2 ಎರಡಕ್ಕೂ ಫೈಲ್ ಹೆಸರು ಒಂದೇ ಆಗಿಬಿಡತ್ತೆ, ಅದಕ್ಕೇ ನಾವು ಅವತ್ತು 1:1.4.3 ಅಂತ ಮುಂದಕ್ಕೆ ಹೋಗಿ ಹಾಕಿದ್ದು. ಎರಡನೇದು ಇನ್ನೂ ಕೆಟ್ಟದ್ದು. ನಿಮ್ಮ ಲೈಬ್ರರಿ ಮೇಲೆ ನಿಂತಿರೋ ಬೇರೆ ಪ್ಯಾಕೇಜುಗಳು ನನಗೆ 1.5 ಅಥವಾ ಅದಕ್ಕಿಂತ ಮೇಲಿನದು ಬೇಕು ಅಂತ ಬರ್ಕೊಂಡಿರ್ತವೆ. ಎಪಾಕ್ ಬಂದ ಗಳಿಗೆಯಿಂದ 1:0.3 ಕೂಡ ಆ ಷರತ್ತನ್ನ ಪಾಸ್ ಮಾಡತ್ತೆ. ಷರತ್ತು ಬರೆದೋರು ಏನೂ ಬದಲಾಯಿಸಿಲ್ಲ, ಆದ್ರೂ ಅವರು ಬರೆದಿದ್ದಕ್ಕೆ ಅರ್ಥವೇ ಉಳೀಲಿಲ್ಲ. ಡೆಬಿಯನ್‌ನಲ್ಲಿ ಎಪಾಕ್ ಹಾಕೋ ಮುಂಚೆ ಎಲ್ಲರ ಮುಂದೆ ಕೇಳಿ ಒಪ್ಪಿಸ್ಕೋಬೇಕು ಅನ್ನೋ ನಿಯಮ ಇರೋದು ಸರಿಯಾಗೇ ಇದೆ.

"ರಿಯಲಿ"

ಹಿಂದೆ ಹೋಗ್ಲೇಬೇಕಾದಾಗ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. 2024ರ ಮಾರ್ಚ್ 29, ಗುಡ್ ಫ್ರೈಡೇ. ನಮ್ಮಲ್ಲಿ ರಾತ್ರಿ ಊಟದ ಹೊತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಡೆವಲಪರ್ ತಮ್ಮ ಮಷೀನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದರ ಬೆನ್ನು ಹತ್ತಿ ಹೋಗಿ, ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಅನ್ನೋ ಲೈಬ್ರರಿಯ 5.6.0 ಮತ್ತು 5.6.1ರ ಒಳಗೆ ಹಿಂಬಾಗಿಲು ಇಟ್ಟಿದಾರೆ ಅಂತ ಜಗತ್ತಿಗೆ ತಿಳಿಸಿದ ದಿನ. ಸ್ಟೇಬಲ್‌ಗೆ ಅದು ಬಂದಿರ್ಲಿಲ್ಲ, ಟೆಸ್ಟಿಂಗ್ ಅನ್‌ಸ್ಟೇಬಲ್‌ನೋರ ಹತ್ರ ಬಂದಿತ್ತು. ನಮ್ಮ ಬಿಲ್ಡ್ ಮಷೀನುಗಳಲ್ಲಿ ಕೆಲವು ಟೆಸ್ಟಿಂಗ್ ಮೇಲೇ ಇದ್ವು, ಹಾಗಾಗಿ ತಟ್ಟೆ ಪಕ್ಕಕ್ಕಿಟ್ಟು ಕೂತಿದ್ದು ಚೆನ್ನಾಗಿ ನೆನಪಿದೆ. ಈಗ ಆ ಮಷೀನುಗಳನ್ನೆಲ್ಲ 5.4ಕ್ಕೆ ವಾಪಸ್ ತರೋದು ಹೇಗೆ? ಬರೀ 5.4.5 ಅಂತ ಹಾಕಿದ್ರೆ ಯಾವ ಮಷೀನೂ ತಗೊಳಲ್ಲ, ನನ್ನ ಹತ್ರ 5.6.1 ಇದೆ ಅಂತ ಸುಮ್ಮನಿರತ್ತೆ. ಎಪಾಕ್ ಹಾಕಿದ್ರೆ ಇಂಥ ತಳಪಾಯದ ಲೈಬ್ರರಿಗೆ, ಅದರ ಮೇಲೆ ನಿಂತ ಅಷ್ಟೂ ಪ್ಯಾಕೇಜುಗಳ ಷರತ್ತಿಗೆ, ಶಾಶ್ವತವಾಗಿ ಗಾಯ. ಆಗ ಬಂದ ಡೆಬಿಯನ್ ನಂಬರು 5.6.1+ರಿಯಲಿ5.4.5-1.

ಆ ಸಾಲನ್ನ ನೋಡಿ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಮಷೀನಿಗೆ ಇದು 5.6.1ಕ್ಕಿಂತ ದೊಡ್ಡದು, ಮರುಮಾತಿಲ್ಲದೆ ತಗೊಳತ್ತೆ. ಮನುಷ್ಯರಿಗೆ, ಒಳಗಿರೋದು ನಿಜಕ್ಕೂ 5.4.5 ಕಣಪ್ಪ ಅಂತ ಬಾಯಿಬಿಟ್ಟು ಹೇಳತ್ತೆ. ಏನಾಯ್ತು, ಎಲ್ಲಿಗೆ ಹೋಗಿದ್ವಿ, ಎಲ್ಲಿಗೆ ವಾಪಸ್ ಬಂದ್ವಿ ಅನ್ನೋದೆಲ್ಲ ಆ ಒಂದು ಸಾಲಲ್ಲಿ ಮುಚ್ಚುಮರೆ ಇಲ್ಲದೆ ಇದೆ. ನಮ್ಮ ಟೀಮಿನ ಹುಡುಗ ಒಬ್ಬ ಅವತ್ತು ರಾತ್ರಿ ಫೋನ್ ಮಾಡಿ, "ಅಣ್ಣಾ, ಇನ್ನೂ 5.6.1 ಅಂತಾನೇ ತೋರಿಸ್ತಿದೆಯಲ್ಲ, ತೆಗೆದುಹಾಕ್ಲಾ?" ಅಂತ ಗಾಬರಿಯಲ್ಲಿ ಕೇಳ್ದ. ಪೂರ್ತಿ ಓದು ಅಂದೆ. ಓದ್ತಾ ಓದ್ತಾ ರಿಯಲಿ ಅನ್ನೋ ಹತ್ರ ಬಂದು ನಿಟ್ಟುಸಿರು ಬಿಟ್ಟಿದ್ದು ಫೋನಲ್ಲೇ ಕೇಳಿಸ್ತು. ಇನ್ನೊಂದು ಒಳ್ಳೇದೂ ಇದೆ ಇದರಲ್ಲಿ, ಎಪಾಕ್ ಥರ ಇದು ಜನ್ಮಕ್ಕೆ ಅಂಟ್ಕೊಳಲ್ಲ. ಮೇ ಕೊನೆಯಲ್ಲಿ ಅಪ್‌ಸ್ಟ್ರೀಮ್‌ನಲ್ಲಿ ಎಕ್ಸ್‌ಝಡ್‌ನ ಮೂಲ ಲೇಖಕ ಲಾಸ್ಸೆ ಕಾಲಿನ್ ಅವರು ಎಲ್ಲಾ ತೊಳೆದು 5.6.2 ಬಿಟ್ರು, ಅದು ಹೇಗೂ ದೊಡ್ಡದು, ಬಾಲದ ಅಗತ್ಯ ಅಲ್ಲಿಗೆ ಮುಗೀತು.

ಎಷ್ಟೋ ಕಂಪನಿಗಳಲ್ಲಿ ಹೀಗಾದಾಗ ಹಳೇ ಕೋಡನ್ನೇ ಹೊಸ ನಂಬರಲ್ಲಿ, 2.8 ಕೆಟ್ಟಿತು ಅಂತ 2.7ನ್ನೇ 2.9 ಅಂತ ಹೆಸರಿಟ್ಟು ಬಿಟ್ಟುಬಿಡ್ತಾರೆ. ಆರ್ಡರ್ ಸರಿ ಇರತ್ತೆ, ಒಪ್ತೀನಿ. ಆದ್ರೆ ಆರು ತಿಂಗಳಾದ್ಮೇಲೆ 2.8ರಲ್ಲಿದ್ದ ಫೀಚರ್ 2.9ರಲ್ಲಿ ಯಾಕಿಲ್ಲ ಅಂತ ತಲೆ ಕೆಡಿಸ್ಕೊಳೋ ಹುಡುಗನಿಗೆ ಯಾರು ಹೇಳ್ಬೇಕು? ಉದ್ದ ಆದ್ರೂ ಪರವಾಗಿಲ್ಲ, ನೋಡೋಕೆ ವಿಕಾರ ಆದ್ರೂ ಪರವಾಗಿಲ್ಲ, ನಡೆದಿದ್ದನ್ನ ನಡೆದ ಹಾಗೇ ಹೇಳೋ ನಂಬರನ್ನ ನಾನು ಯಾವತ್ತೂ ಗೌರವಿಸ್ತೀನಿ.

ಟ್ಯಾಗ್ ಹಾಕೋರ ಹತ್ರ ಎರಡು ಮಾತು

ಇನ್ನೂ ರಿಲೀಸೇ ಆಗದ ಪ್ರಾಜೆಕ್ಟನ್ನ ಪ್ಯಾಕೇಜ್ ಮಾಡ್ಬೇಕಾದಾಗ ನಾನು 0~ಗಿಟ್20240611 ಥರ ಇಡ್ತೀನಿ. ಮುಂದೆ ಅದರ ಲೇಖಕರು 0.1 ಅಂದ್ರೂ ಸರಿ, 1.0 ಅಂದ್ರೂ ಸರಿ, ಬರೀ 0.0.1 ಅಂದ್ರೂ ಸರಿ, ಎಲ್ಲವೂ ಇದಕ್ಕಿಂತ ದೊಡ್ಡದೇ. ಅವರ ಮೊದಲ ನಂಬರನ್ನ ಆರಿಸೋ ಹಕ್ಕು ಅವರಿಗೇ ಉಳೀಬೇಕು.

ಅವರ ಕಡೆಯಿಂದ ನಾನು ಬೇಡೋದು ಒಂದೇ, ಇದೇ ಈ ನಂಬರಿನ ಕೋಡ್ ಅಂತ ಗಿಟ್‌ನಲ್ಲಿ ಒಂದ್ಸಲ ಹಾಕಿದ ಗುರುತನ್ನ, ಅಂದ್ರೆ ಟ್ಯಾಗನ್ನ, ದಯವಿಟ್ಟು ಎತ್ತಿ ಬೇರೆ ಕಡೆ ಇಡಬೇಡಿ. ರೀಡ್‌ಮಿನಲ್ಲಿ ಒಂದು ಅಕ್ಷರ ತಪ್ಪಿತ್ತು ಅಂತ 1.2 ಟ್ಯಾಗನ್ನ ಇನ್ನೊಂದು ಕಮಿಟ್‌ಗೆ ಸರಿಸಿದ್ರೆ ನಿಮ್ಮ ಕಡೆ ಏನೂ ಆಗಿಲ್ಲ ಅನ್ನಿಸತ್ತೆ, ಇಲ್ಲಿ ಅದೇ ಹೆಸರಿನ ಸೋರ್ಸ್ ಕಟ್ಟಿಗೆ, ಅಂದ್ರೆ ಟಾರ್‌ಬಾಲ್‌ಗೆ, ಅದರ ಬೆರಳಚ್ಚಿನ ಥರದ ಚೆಕ್‌ಸಮ್ ಬೇರೆ ಬರತ್ತೆ. ಡೆಬಿಯನ್ ಆರ್ಕೈವ್ ಅದನ್ನ ಒಳಗೇ ಬಿಡಲ್ಲ. ಎಕ್ಸ್‌ಝಡ್‌ನಲ್ಲಿ ಗಿಟ್‌ನಲ್ಲಿ ಇಲ್ಲದ ತುಣುಕೊಂದು ಟಾರ್‌ಬಾಲ್ ಒಳಗೆ ಮಾತ್ರ ಕೂತಿತ್ತು ಅನ್ನೋದು ಗೊತ್ತಾದ್ಮೇಲಂತೂ ಒಂದೇ ನಂಬರಿಗೆ ಎರಡು ಟಾರ್‌ಬಾಲ್ ಕಂಡ್ರೆ ನಾವು ಎಲ್ಲಾ ಬಿಟ್ಟು ಮೊದಲು ಎರಡನ್ನೂ ಬಿಚ್ಚಿ ಸಾಲು ಸಾಲು ಹೋಲಿಸ್ತೀವಿ, ಒಂದು ಮಧ್ಯಾಹ್ನ ಅದಕ್ಕೇ ಹೋಗತ್ತೆ. 1.2.1 ಅಂತ ಹೊಸ ಟ್ಯಾಗ್ ಹಾಕಿದ್ರೆ ಮುಗೀತಿತ್ತು.

ನಮ್ಮಲ್ಲಿ ಈಗ ರಿಲೀಸ್ ಸ್ಕ್ರಿಪ್ಟಿನ ಮೊದಲ ಕೆಲಸವೇ ಹೋಲಿಕೆ. ರೆಪೋದಲ್ಲಿರೋ ನಂಬರನ್ನೂ ಹೊಸದನ್ನೂ ಡಿಪಿಕೆಜಿಗೆ ಕೊಡತ್ತೆ, ಹೊಸದು ದೊಡ್ಡದಲ್ಲ ಅಂದ್ರೆ ಬಿಲ್ಡೇ ಶುರುವಾಗಲ್ಲ. ಫೀಲ್ಡಲ್ಲಿರೋ ಮಷೀನುಗಳಲ್ಲಿ ಯಾವ ಯಾವ ನಂಬರ್ ಇದೆ ಅನ್ನೋ ಪಟ್ಟಿಯನ್ನೂ ಅದು ಎಳ್ಕೊಂಡು ಬಂದು ಒಂದೊಂದರ ಜೊತೆಗೂ ಹೋಲಿಸತ್ತೆ, ಯಾಕಂದ್ರೆ ನೆಲಮಂಗಲದಲ್ಲಿ ಆಗಿದ್ದು ರೆಪೋ ನೋಡಿದ್ರೆ ಗೊತ್ತಾಗೋ ಥರದ್ದಾಗಿರ್ಲಿಲ್ಲ. "ವರ್ಷನ್ ಏನು ಕೊಡ್ಲಿ" ಅನ್ನೋ ಪ್ರಶ್ನೆಯನ್ನ ಈಗ ಸೋಮವಾರದ ಪ್ಲಾನಿಂಗಲ್ಲೇ ಕೇಳ್ತೀವಿ, ನೆಲಮಂಗಲಕ್ಕೆ ನನ್ನ ಜೊತೆ ಬಂದಿದ್ದ ಆ ಇಂಜಿನಿಯರ್ ಹುಡುಗಿಯೇ ಅದನ್ನ ನೋಡ್ಕೊಳ್ತಾಳೆ, ಚೇಂಜ್‌ಲಾಗಲ್ಲಿ ಆ ನಂಬರ್ ಯಾಕೆ ಅಂತ ಒಂದು ಸಾಲು ಬರೀದೇ ಇದ್ರೆ ಅಪ್ರೂವಲ್ ಕೊಡಲ್ಲ.